ಶಾಟ್‌ಶೆಲ್ ರಿವಾಲ್ವರೋ, ಗಿಡ್ಡ ಶಾಟ್‌ಗನ್ನೋ? ಅಮೆರಿಕದಲ್ಲಿ ಕೊಳ್ಳುವ ಮುಂಚೆ ಹೀಗೆ ನೋಡಿ

ಹೋದ ತಿಂಗಳು ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದ. ಆಸ್ಟಿನ್ ಊರಾಚೆ ಐದು ಎಕರೆ ಜಾಗ ತಗೊಂಡು ಮನೆ ಕಟ್ಟಿದ್ದಾನೆ. ಕಲ್ಲು, ಮುಳ್ಳುಗಿಡ, ರ‍್ಯಾಟಲ್ ಹಾವು, ರಾತ್ರಿ ಹೊತ್ತು ಕಾಡುಹಂದಿ.

"ಭಾವ, ಒಂದು ಜಡ್ಜ್ ತಗೊಂಡ್ಬಿಡ್ತೀನಿ. ರಿವಾಲ್ವರೂ ಆಯ್ತು, ಶಾಟ್‌ಗನ್ನೂ ಆಯ್ತು. ಹಾವಿಗೂ ಆಗುತ್ತೆ, ಮನೆಗೂ ಆಗುತ್ತೆ, ಅಲ್ವಾ?" ಅಂದ. ಜಡ್ಜ್ ಅಂದರೆ ಶಾಟ್‌ಶೆಲ್, ಅಂದರೆ ಶಾಟ್‌ಗನ್ನಿನ ಚರೆ ತುಂಬಿದ ತೋಟಾ, ಹಾರಿಸುವ ಒಂದು ರಿವಾಲ್ವರ್.

"ದುಡ್ಡು ಕೊಡಬೇಡ, ಮೊದಲು ಶನಿವಾರ ಇಲ್ಲಿ ಬಾ. ಕಾಗದದ ಮೇಲೆ ಹೊಡೆದು ನೋಡೋಣ" ಅಂದೆ.

ಇದೇ ಪ್ರಶ್ನೆಯನ್ನು ಇಲ್ಲಿನ ಕನ್ನಡದವರು ನನಗೆ ಎಷ್ಟೋ ಸಲ ಕೇಳಿದ್ದಾರೆ. ನಾನು ಸೋಮವಾರಪೇಟೆ ಕಡೆಯವನು. ತಾತನ ಜೋಡು ನಳಿಗೆ ಕೋವಿ ನೋಡುತ್ತಾ ಬೆಳೆದವನು. ಈಗ ಟೆಕ್ಸಸ್‌ನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಕೋವಿ ಕೊಳ್ಳಿ ಅಂತ ಯಾರಿಗೂ ಹೇಳುತ್ತಿಲ್ಲ. ಕೊಳ್ಳಲೇಬೇಕು ಅಂತ ತೀರ್ಮಾನ ಮಾಡಿದವರು ಯಾವ ಕ್ರಮದಲ್ಲಿ ಯೋಚಿಸಬೇಕು, ಅಷ್ಟು ಹೇಳುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ಕಾಗದಪತ್ರ ನೋಡಿಕೊಳ್ಳಿ

ಮಾಡೆಲ್, ಬೆಲೆ ಎಲ್ಲ ಆಮೇಲೆ. ನೀವು ಎಚ್-1ಬಿ, ಎಲ್-1, ಎಫ್-1, ಎಚ್-4, ಹೀಗೆ ಯಾವುದೇ ತಾತ್ಕಾಲಿಕ ವೀಸಾದ ಮೇಲೆ ಬಂದಿದ್ದರೆ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಕೋವಿ, ತೋಟಾ ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಕೆಲವು ವಿನಾಯಿತಿ ಇವೆ. ನಮ್ಮವರಿಗೆ ಅನ್ವಯಿಸುವಂಥದ್ದು ಮುಖ್ಯವಾಗಿ ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ನಾಗರಿಕರಿಗೆ ಈ ತಡೆ ಇಲ್ಲ.

ಗೆಳೆಯನ ಜೊತೆ ರೇಂಜ್‌ಗೆ ಹೋಗಿ ಸುಮ್ನೆ ಒಂದು ಈಡು ಹೊಡೆದೆ ಅಂದರೂ ಅದು ಕೋವಿ ಇಟ್ಟುಕೊಂಡ ಹಾಗೇ ಲೆಕ್ಕ. ಈ ತಪ್ಪಿಗೆ 15 ವರ್ಷದವರೆಗೆ ಜೈಲು ಆಗಬಹುದು. ವೀಸಾ ಹೋಗುವುದು ಬೇರೆ. ಟೆಕ್ಸಸ್‌ನಲ್ಲಿ ಇನ್ನೊಂದು ಮಾತು ಓಡಾಡುತ್ತದೆ, "2019ರಿಂದ ಕಾಡುಹಂದಿ ಹೊಡೆಯಲು ಲೈಸೆನ್ಸೇ ಬೇಡ" ಅಂತ. ಜಾಗದ ಮಾಲೀಕರ ಒಪ್ಪಿಗೆ ಇದ್ದರೆ ಆ ಮಾತು ನಿಜ. ಆದರೆ ವೀಸಾದಲ್ಲಿರುವವರಿಗೆ ಕೋವಿ ಮುಟ್ಟಲು ಆಧಾರವೇ ಆ ಲೈಸೆನ್ಸ್. ಹಂದಿಗೆ ಬೇಡವಾದರೂ ನಿಮಗೆ ಬೇಕು.

ಗಂಡ ನಾಗರಿಕ, ಹೆಂಡತಿ ಇನ್ನೂ ವೀಸಾದಲ್ಲಿ ಇದ್ದಾರೆ ಅಂತಿಟ್ಟುಕೊಳ್ಳಿ. ಆಗ ಕೋವಿಪೆಟ್ಟಿಗೆಯ ಕೀ ಯಾರ ಕೈಯಲ್ಲಿದೆ ಎಂಬುದೂ ಮುಖ್ಯವಾಗುತ್ತದೆ. ಇಂಥ ಮನೆಯವರು ಕೊಳ್ಳುವ ಮುಂಚೆ ವಲಸೆ ಕಾನೂನು ಗೊತ್ತಿರುವ ವಕೀಲರ ಹತ್ತಿರ ಒಂದು ಗಂಟೆ ಕೂತು ಬನ್ನಿ.

ವಯಸ್ಸಿನ ವಿಷಯ ಚಿಕ್ಕದು. ಲೈಸೆನ್ಸ್ ಇರುವ ಅಂಗಡಿಯಲ್ಲಿ ರಿವಾಲ್ವರ್ ಕೊಳ್ಳಲು 21 ತುಂಬಿರಬೇಕು. ಫೆಡರಲ್ ಕಾನೂನಿನಲ್ಲಿ ಮಾಮೂಲಿ ಶಾಟ್‌ಗನ್‌ಗೆ 18 ಸಾಕು, ಕೆಲವು ರಾಜ್ಯಗಳು ಅದಕ್ಕೂ 21 ಮಾಡಿವೆ. ರಿವಾಲ್ವರನ್ನು ನಿಮ್ಮ ಸ್ವಂತ ರಾಜ್ಯದ ಅಂಗಡಿಯ ಮೂಲಕವೇ ಪಡೆಯಬೇಕು. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಿಸುತ್ತಾರೆ. ಅದರಲ್ಲಿ ವೀಸಾ ಬಗ್ಗೆ ನೇರ ಪ್ರಶ್ನೆಯೇ ಇದೆ. ಪ್ರತಿ ಸಾಲು ಓದಿ ತುಂಬಿ.

ಎರಡನೆಯದು: ಕೆಲಸ ಏನು ಅಂತ ಬರೆದಿಟ್ಟುಕೊಳ್ಳಿ

ಒಂದು ಚೀಟಿ ತಗೊಂಡು ಒಂದೇ ಸಾಲು ಬರೆಯಿರಿ. "ಬೇಲಿ ಸುತ್ತುವಾಗ ಹಾವಿಗೆ." "ರಾತ್ರಿ ಮನೆಯೊಳಗೆ ಯಾರಾದರೂ ನುಗ್ಗಿದರೆ." "ತೋಟಕ್ಕೆ ಬರುವ ಹಂದಿಗೆ." ಮೂರನ್ನೂ ಬರೆದರೆ ಚೀಟಿ ಹರಿದು ಮತ್ತೆ ಬರೆಯಿರಿ. ಮೂರಕ್ಕೂ ಒಂದೇ ಕೋವಿ ಅಂತ ಹೊರಟವರೇ ಮುಂದೆ ಪಶ್ಚಾತ್ತಾಪ ಪಡುವುದು.

ಹಾವಿನ ಬಗ್ಗೆ ನನಗೆ ಹೇಳಲೇಬೇಕಾದ ಮಾತಿದೆ. ರ‍್ಯಾಟಲ್ ಹಾವು ಸಾಮಾನ್ಯವಾಗಿ ತನ್ನ ಉದ್ದದ ಅರ್ಧದಷ್ಟು ದೂರಕ್ಕೆ ಎಗರಿ ಕಚ್ಚುತ್ತದೆ. ನಾಲ್ಕೈದು ಹೆಜ್ಜೆ ಹಿಂದೆ ಸರಿದರೆ ನೀವು ಬದುಕಿದಿರಿ, ಅದೂ ಬದುಕಿತು. ಕೊಲ್ಲಲು ಹೋಗಿ ಕಚ್ಚಿಸಿಕೊಂಡವರು ಎಷ್ಟೋ ಜನ. ನಾಯಿ ಕಟ್ಟಿದ ಜಾಗದಲ್ಲಿ, ಮಕ್ಕಳು ಆಡುವ ಜಾಗದಲ್ಲಿ ಬಂದು ಸುತ್ತಿಕೊಂಡರೆ ಮಾತ್ರ ಕೋವಿಯ ಮಾತು.

ಮೂರನೆಯದು: ಈ ರಿವಾಲ್ವರ್ ಏನು ಅಂತ ತಿಳಿದುಕೊಳ್ಳಿ

ಟಾರಸ್ ಕಂಪನಿಯ ಜಡ್ಜ್‌ಗೆ ಆ ಹೆಸರು ಬಂದದ್ದು 2006ರಲ್ಲಿ. ಮೊದಲು ಅದಕ್ಕೆ 4410 ಎಂಬ ಬರೀ ನಂಬರ್ ಇತ್ತು. ಫ್ಲಾರಿಡಾದ ಮಯಾಮಿಯಲ್ಲಿ ಕೆಲವು ನ್ಯಾಯಾಧೀಶರು ಕೋರ್ಟಿನಲ್ಲಿ ಆತ್ಮರಕ್ಷಣೆಗೆ ಇದನ್ನು ಇಟ್ಟುಕೊಳ್ಳುತ್ತಿದ್ದಾರೆ ಅಂತ ಗೊತ್ತಾಗಿ ಕಂಪನಿ ಈ ಹೆಸರಿಟ್ಟಿತು. ಐದು ತೋಟಾ ಹಿಡಿಯುತ್ತದೆ. .410 ಎಂಬ ಚಿಕ್ಕ ಅಳತೆಯ ಶಾಟ್‌ಶೆಲ್ ಹಾಕಬಹುದು, .45 ಕೋಲ್ಟ್ ಗುಂಡೂ ಹಾಕಬಹುದು. ಎರಡನ್ನೂ ಬೆರೆಸಿಯೂ ಹಾಕಬಹುದು. 2011ರಲ್ಲಿ ಸ್ಮಿತ್ ಆ್ಯಂಡ್ ವೆಸನ್‌ನವರು ಗವರ್ನರ್ ತಂದರು. ಅದು ಆರು ತೋಟಾದ್ದು, ಸುಮಾರು 840 ಗ್ರಾಂ ತೂಕ, .45 ಎಸಿಪಿ ಎಂಬ ಪಿಸ್ತೂಲಿನ ಗುಂಡನ್ನೂ ಹಾರಿಸುತ್ತದೆ.

ಇವೆರಡಕ್ಕಿಂತ ಜೋರಿನವು ಬೇಕು ಅನ್ನುವವರು ಟಾರಸ್‌ನ ರೇಜಿಂಗ್ ಜಡ್ಜ್ ಹುಡುಕುತ್ತಾರೆ. ಅದು .454 ಕಸೂಲ್ ಎಂಬ ಭಾರಿ ಗುಂಡನ್ನೂ ಹಾರಿಸುತ್ತದೆ. ಉದ್ದ ನಳಿಗೆಯದ್ದು ಸುಮಾರು 2 ಕೆಜಿ ತೂಗುತ್ತದೆ. ಮ್ಯಾಗ್ನಮ್ ರಿಸರ್ಚ್‌ನ ಬಿಎಫ್‌ಆರ್‌ನಲ್ಲೂ .45 ಕೋಲ್ಟ್ ಮತ್ತು .410 ಎರಡನ್ನೂ ಹಾರಿಸುವ ಮಾಡೆಲ್ ಇದೆ. ಅದರ ಹ್ಯಾಮರನ್ನು ಪ್ರತಿ ಸಲ ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆಯಬೇಕು. ಕರಡಿ ಇರುವ ಕಾಡಿನಲ್ಲಿ ಓಡಾಡುವವರಿಗೆ ಇಂಥ ದೊಡ್ಡ ರಿವಾಲ್ವರ್‌ಗೆ ಅರ್ಥ ಇದೆ. ಆದರೆ ಅಲ್ಲಿ ಕೆಲಸ ಮಾಡುವುದು ಭಾರಿ ಗುಂಡು. .410 ಚರೆಯಲ್ಲಿ ಕರಡಿ ನಿಲ್ಲುವುದಿಲ್ಲ.

ಈಗ ಈ ರಿವಾಲ್ವರ್‌ಗಳ ಒಳಗಿನ ತೊಡಕು ನೋಡಿ. ಶಾಟ್‌ಗನ್ನಿನ ನಳಿಗೆ ಒಳಗೆ ನುಣುಪಾಗಿರುತ್ತದೆ. ಚರೆಗಳು ಗುಂಪಾಗಿ ನೇರ ಹೊರಡುತ್ತವೆ. ಜಡ್ಜ್‌ನ ನಳಿಗೆಯೊಳಗೆ ಸುರುಳಿ ಗೀರುಗಳಿವೆ. ಅವು ಗುಂಡನ್ನು ತಿರುಗಿಸಿ ಗುರಿಗೆ ಕಳಿಸಲು ಇರುವಂಥವು. ಅದೇ ಗೀರು ಚರೆಯನ್ನೂ ತಿರುಗಿಸುತ್ತದೆ. ಹೊರಗೆ ಬಂದ ಕೂಡಲೆ ಚರೆ ಸುತ್ತಲೂ ಚೆದುರುತ್ತದೆ. ಹಾಗಾದರೆ ಗೀರು ತೆಗೆದುಬಿಡಬಹುದಲ್ವಾ? ಆಗುವುದಿಲ್ಲ. ಶಾಟ್‌ಶೆಲ್ ಹಾರಿಸುವ ಕೈಕೋವಿಯ ನಳಿಗೆ ನುಣುಪಾಗಿದ್ದರೆ ಫೆಡರಲ್ ಸರ್ಕಾರದಲ್ಲಿ ವಿಶೇಷ ನೋಂದಣಿ ಬೇಕು. ಗೀರು ಇರುವುದರಿಂದಲೇ ಜಡ್ಜ್ ಮಾಮೂಲಿ ರಿವಾಲ್ವರ್ ಲೆಕ್ಕಕ್ಕೆ ಬರುತ್ತದೆ. ಅಂದರೆ ಮಾರಾಟಕ್ಕೆ ದಾರಿ ಮಾಡಿಕೊಟ್ಟ ಗೀರೇ ಚರೆಯನ್ನು ಕೆಡಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಗೀರು ಇದ್ದರೂ ಬಿಡುವುದಿಲ್ಲ. ಅಲ್ಲಿನ ಕಾನೂನಿಗೆ ಜಡ್ಜ್ ಅಂದರೆ ತುಂಡು ಶಾಟ್‌ಗನ್. ಬೇ ಏರಿಯಾದವರು ಈ ಪುಟ ಇಲ್ಲೇ ದಾಟಿ ಮುಂದೆ ಹೋಗಬಹುದು.

ನಾಲ್ಕನೆಯದು: ತೋಟಾ ಬಿಚ್ಚಿ ಎಣಿಸಿದ ಹಾಗೆ ಲೆಕ್ಕ ಹಾಕಿ

ನಿಜವಾಗಿ ಬಿಚ್ಚಬೇಡಿ, ಡಬ್ಬಿ ಮೇಲೆ ಬರೆದಿರುತ್ತದೆ. ಎರಡೂವರೆ ಇಂಚಿನ .410 ತೋಟಾದಲ್ಲಿ ಹಕ್ಕಿಗೆ ಹೊಡೆಯುವ ಸಣ್ಣ ಚರೆ ಸುಮಾರು 14 ಗ್ರಾಂ. ಗೇಜ್ ಅಂದರೆ ನಳಿಗೆಯ ಅಳತೆ, ಅಂಕಿ ಸಣ್ಣದಾದಷ್ಟು ನಳಿಗೆ ದೊಡ್ಡದು. 12 ಗೇಜ್, ಅಂದರೆ ನಮ್ಮೂರಿನ ಟ್ವೆಲ್ವ್ ಬೋರ್ ತೋಟಾದಲ್ಲಿ ಮಾಮೂಲಿ 32 ಗ್ರಾಂ. ಅರ್ಧಕ್ಕಿಂತ ಕಮ್ಮಿ.

ದಪ್ಪ ಚರೆಯಲ್ಲೂ ಹಾಗೇ. ಇದಕ್ಕೆ ಇಲ್ಲಿ ಬಕ್‌ಶಾಟ್ ಅನ್ನುತ್ತಾರೆ. ನಮ್ಮ ಕಡೆಯ ಎಲ್‌ಜಿ, ಎಸ್‌ಜಿ ಜಾತಿಯದ್ದು. ಎರಡೂವರೆ ಇಂಚಿನ .410ರಲ್ಲಿ ಮೂರೋ ನಾಲ್ಕೋ, ಮೂರು ಇಂಚಿನದ್ದರಲ್ಲಿ ಐದು. 12 ಗೇಜ್‌ನಲ್ಲಿ ಎಂಟು ಒಂಬತ್ತು. 20 ಗೇಜ್‌ನ 3ನೇ ನಂಬರ್ ಬಕ್‌ಶಾಟ್‌ನಲ್ಲಿ ಸ್ವಲ್ಪ ಚಿಕ್ಕವು, 20 ಚರೆ. ಗವರ್ನರ್‌ಗೆ ಎರಡೂವರೆ ಇಂಚಿನದ್ದು ಮಾತ್ರ ಹಿಡಿಯುತ್ತದೆ. ಜಡ್ಜ್‌ನಲ್ಲಿ ಎರಡೂ ಅಳತೆಯವು ಇವೆ, ಕೇಳಿ ತಗೊಳ್ಳಿ.

ಡಬ್ಬಿ ಮೇಲಿನ ವೇಗವನ್ನೂ ನಂಬಿಬಿಡಬೇಡಿ. ಮಾಮೂಲಿ .410 ತೋಟಾದ ವೇಗವನ್ನು ಉದ್ದ ನಳಿಗೆಯಲ್ಲಿ ಅಳೆದಿರುತ್ತಾರೆ. ಮೂರು ಇಂಚಿನ ನಳಿಗೆಯಲ್ಲಿ ಅಷ್ಟು ಬರುವುದಿಲ್ಲ. ಕೈಕೋವಿಗೆಂದೇ ಮಾಡಿದ .410 ತೋಟಾ ಬೇರೆ ಸಿಗುತ್ತದೆ, ಅದನ್ನೇ ಕೇಳಿ. ದುಬಾರಿ.

ಮನೆ ರಕ್ಷಣೆಗೆ ಸಣ್ಣ ಚರೆ ಸಾಕು ಅನ್ನುವವರ ಮಾತು ಕೇಳಬೇಡಿ. ಸಣ್ಣ ಚರೆ ಆಳಕ್ಕೆ ಇಳಿಯುವುದಿಲ್ಲ. ಇಳಿಯುವಂಥ ದಪ್ಪ ಚರೆ ಇಲ್ಲಿನ ಜಿಪ್ಸಮ್ ಹಲಗೆ ಗೋಡೆಯನ್ನು ಸಲೀಸಾಗಿ ದಾಟುತ್ತದೆ. .45 ಕೋಲ್ಟ್ ಗುಂಡೂ ದಾಟುತ್ತದೆ. ನಮ್ಮೂರಿನ ಇಟ್ಟಿಗೆ ಗೋಡೆ ಇದಲ್ಲ. ಹಾಗಾಗಿ ಮಕ್ಕಳ ಮಂಚ ಯಾವ ಗೋಡೆಗೆ ಆತುಕೊಂಡಿದೆ, ಪಕ್ಕದ ಮನೆ ಯಾವ ದಿಕ್ಕಿಗಿದೆ ಅಂತ ಹಗಲಲ್ಲೇ ನಡೆದು ನೋಡಿಟ್ಟುಕೊಳ್ಳಿ.

ಐದನೆಯದು: ಕಾಗದಕ್ಕೆ ಹೊಡೆದು ನೋಡಿ

ಇದೊಂದು ಮಾಡಿದರೆ ಉಳಿದದ್ದೆಲ್ಲ ತಾನೇ ತೀರ್ಮಾನ ಆಗುತ್ತದೆ. ಕೆಲವು ರೇಂಜ್‌ಗಳಲ್ಲಿ ಜಡ್ಜ್ ಬಾಡಿಗೆಗೆ ಸಿಗುತ್ತದೆ. ಚರೆ ಹೊಡೆಯಲು ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ.

ಶನಿವಾರ ನನ್ನ ಬಾಮೈದ ಬಂದ. ಪ್ಯಾಕಿಂಗಿಗೆ ಬಳಸುವ ಕಂದು ಕಾಗದದ ಸುರುಳಿ ತಂದಿದ್ದೆ. ನಾಲ್ಕಡಿ ಅಗಲ ಕತ್ತರಿಸಿ, ನಡುವೆ ಅನ್ನದ ತಟ್ಟೆ ಇಟ್ಟು ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆದೆವು. ಏಳು ಗಜ ಹಿಂದೆ ನಿಂತೆವು, ಅಂದರೆ 21 ಅಡಿ. ದೊಡ್ಡ ಹಾಲ್‌ನ ಈ ಮೂಲೆಯಿಂದ ಆ ಮೂಲೆಗೆ ಇರುವಷ್ಟು ದೂರ.

ಮೊದಲು ಮೂರು ಇಂಚು ನಳಿಗೆಯ ಜಡ್ಜ್‌ನಲ್ಲಿ ಸಣ್ಣ ಚರೆಯ .410. ಹತ್ತಿರ ಹೋಗಿ ನೋಡಿದರೆ ಚರೆ ಕಾಗದದ ತುಂಬ ಹರಡಿದೆ, ಕೆಲವು ಅಂಚಿನಾಚೆಗೂ ಹೋಗಿವೆ. ತಟ್ಟೆಯ ಗೆರೆಯೊಳಗೆ ಬೆರಳಲ್ಲಿ ಎಣಿಸುವಷ್ಟು ತೂತು. ಸುತ್ತ ಉಂಗುರದ ಹಾಗೆ ಜಾಸ್ತಿ, ನಡುವೆ ಖಾಲಿ. ಬಾಮೈದ ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟು ನೋಡಿದ, ಪೂರ್ತಿ ಅಂಗೈ ಹಿಡಿಯಿತು. ಅದೇ ತೋಟಾವನ್ನು ಎರಡು ಗಜದಿಂದ ಹೊಡೆದಾಗ ತಟ್ಟೆಯೊಳಗೇ ದಟ್ಟವಾಗಿ ಬಿತ್ತು. ಹಾವಿಗೆ ಈ ರಿವಾಲ್ವರ್ ಯಾಕೆ ಸರಿ, ಎಷ್ಟು ದೂರದವರೆಗೆ ಸರಿ ಎಂಬುದಕ್ಕೆ ಆ ಎರಡು ಕಾಗದ ಸಾಕು.

ಆಮೇಲೆ ನಾಲ್ಕು ದಪ್ಪ ಚರೆ ಇರುವ ಒಂದು ತೋಟಾ, ಏಳು ಗಜದಿಂದ. ಮೂರು ತಟ್ಟೆಯೊಳಗೆ, ಒಂದು ಹೊರಗೆ. ಆ ಹೊರಗಿನ ಒಂದು ಎಲ್ಲಿಗೆ ಹೋಯಿತು ಅಂತ ಮನೆಯೊಳಗೆ ಯಾರು ಲೆಕ್ಕ ಕೊಡುತ್ತಾರೆ? ಹೊಡೆದ ಪ್ರತಿ ಚರೆಗೂ ನೀವೇ ಜವಾಬ್ದಾರರು.

ಕೊನೆಗೆ ನನ್ನ 20 ಗೇಜ್, ಹದಿನೆಂಟೂವರೆ ಇಂಚಿನ ನಳಿಗೆ. ಇಪ್ಪತ್ತೂ ಚರೆ ಒಂದು ಗೇಣಿನೊಳಗೆ. ಅವನು ಏನೂ ಹೇಳಲಿಲ್ಲ. ನಾಲ್ಕೂ ಕಾಗದ ಮಡಚಿ ಕಾರಿನಲ್ಲಿ ಇಟ್ಟುಕೊಂಡ.

.45 ಕೋಲ್ಟ್ ಗುಂಡಿನ ಬಗ್ಗೆ ನ್ಯಾಯವಾಗಿ ಒಂದು ಮಾತು. 1873ರಿಂದ ಇರುವ ಒಳ್ಳೆಯ ಗುಂಡು ಅದು. ಜಡ್ಜ್‌ನಿಂದ ಆತ್ಮರಕ್ಷಣೆಗೆ ಹೊಡೆಯುವುದಾದರೆ ಚರೆ ಬಿಟ್ಟು ಅದನ್ನೇ ಹಾಕಿ. .410ಗಾಗಿ ಉದ್ದ ಮಾಡಿದ, ತೋಟಾ ಕೂರುವ ಸಿಲಿಂಡರ್‌ನಲ್ಲಿ ಆ ಗಿಡ್ಡ ಗುಂಡು ನಳಿಗೆ ಮುಟ್ಟುವ ಮುಂಚೆ ಸ್ವಲ್ಪ ದೂರ ಹಾರಬೇಕಾಗುತ್ತದೆ, ಗುರಿ ತುಸು ಸಡಿಲ ಆಗಬಹುದು. ಆದರೆ ಮನೆಯೊಳಗಿನ ದೂರಕ್ಕೆ ಸಾಲುತ್ತದೆ.

ಆರನೆಯದು: ಗಿಡ್ಡ ಅಂದರೆ ಎಷ್ಟು ಗಿಡ್ಡ?

ಭುಜಕ್ಕೆ ಆನಿಸುವ ಶಾಟ್‌ಗನ್ನಿನ ನಳಿಗೆ 18 ಇಂಚಿಗಿಂತ ಕಮ್ಮಿ ಇರಬಾರದು, ಒಟ್ಟು ಉದ್ದ 26 ಇಂಚಿಗಿಂತ ಕಮ್ಮಿ ಇರಬಾರದು. ಇದು 1934ರ ಫೆಡರಲ್ ಕಾನೂನಿನ ಅಡಿಯ ಗೆರೆ. ಅದಕ್ಕಿಂತ ಗಿಡ್ಡ ಬೇಕಾದರೆ ಮೊದಲೇ ಅರ್ಜಿ ಹಾಕಿ ನೋಂದಣಿ ಮಾಡಿಸಬೇಕು. ಅದಕ್ಕಿದ್ದ 200 ಡಾಲರ್ ತೆರಿಗೆ 2026ರ ಜನವರಿಯಿಂದ ಸೊನ್ನೆಯಾಗಿದೆ. ತೆರಿಗೆ ಹೋಯಿತು ಅಂದರೆ ನೋಂದಣಿಯೂ ಹೋಯಿತು ಅಂತ ತಿಳಿಯಬೇಡಿ. ಮನೆಯಲ್ಲಿ ಕೂತು ನಳಿಗೆ ಕತ್ತರಿಸುವುದು ದೊಡ್ಡ ಅಪರಾಧ.

ಇಲ್ಲಿ ಮಾಸ್‌ಬರ್ಗ್ ಕಂಪನಿಯ 590 ಶಾಕ್‌ವೇವ್ ಎಂಬ ಗಿಡ್ಡ ಕೋವಿ ಬರುತ್ತದೆ. 2017ರಲ್ಲಿ ಬಂತು. ನಳಿಗೆ ಹದಿನಾಲ್ಕು ಇಂಚು ಚಿಲ್ಲರೆ, ಒಟ್ಟು ಉದ್ದ 26 ಇಂಚಿನ ಗೆರೆಯನ್ನು ಕೂದಲೆಳೆಯಷ್ಟು ದಾಟುತ್ತದೆ. ಭುಜಕ್ಕೆ ಆನಿಸುವ ಬುಡವೇ ಇಲ್ಲ, ಹಕ್ಕಿ ಕೊರಳಿನ ಹಾಗೆ ಬಾಗಿದ ಒಂದು ಹಿಡಿ ಅಷ್ಟೇ. ಕಾರ್ಖಾನೆಯಿಂದಲೇ ಭುಜದ ಬುಡ ಇಲ್ಲದೆ ಬಂದದ್ದರಿಂದ ಫೆಡರಲ್ ಕಾನೂನಿಗೆ ಇದು ಶಾಟ್‌ಗನ್ನೇ ಅಲ್ಲ, ಬರೀ "ಫೈರ್‌ಆರ್ಮ್". ಕೊಳ್ಳಲು 21 ವಯಸ್ಸಾಗಿರಬೇಕು. ಇದಕ್ಕೆ ಆಮೇಲೆ ಭುಜದ ಬುಡ ಕೂರಿಸಿದರೆ ಆ ಕ್ಷಣವೇ ಅದು ನೋಂದಣಿ ಇಲ್ಲದ ತುಂಡು ಶಾಟ್‌ಗನ್ ಆಗುತ್ತದೆ. ಟೆಕ್ಸಸ್‌ನಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಕಾನೂನು ಬದಲಾದ ಮೇಲೆಯೇ ಇದು ಸಲೀಸಾದದ್ದು. ನಿಮ್ಮ ರಾಜ್ಯದ ನಿಯಮ ನೋಡಿ.

ನೋಡಲು ಬಹಳ ಚೆನ್ನಾಗಿದೆ. ಮಂಚದ ಪಕ್ಕ ಸಲೀಸಾಗಿ ಇರುತ್ತದೆ. ಆದರೆ 12 ಗೇಜ್ ದಪ್ಪ ಚರೆ, ಎರಡೂವರೆ ಕೆಜಿಯೂ ಇಲ್ಲದ ಕೋವಿ, ಆನಿಸಲು ಭುಜ ಇಲ್ಲ. ಪೂರ್ತಿ ಒದೆತ ಮಣಿಕಟ್ಟಿಗೆ. ಸೊಂಟದ ಹತ್ತಿರ ಹಿಡಿದು ಹೊಡೆದರೆ ಗುರಿ ಎಲ್ಲಿಗೋ ಹೋಗುತ್ತದೆ. ಕಣ್ಣಿನ ಮಟ್ಟಕ್ಕೆ ತಂದು ಸಡಿಲ ಹಿಡಿದರೆ ಹಿಡಿ ಬಂದು ಬಾಯಿಗೆ ಬಡಿಯುತ್ತದೆ. ಮುಂದಿನ ಕೈಯ ಪಟ್ಟಿ ಅಲಂಕಾರಕ್ಕಲ್ಲ, ಕೈ ಜಾರಿ ನಳಿಗೆಯ ಬಾಯಿಗೆ ಹೋಗದಿರಲಿ ಅಂತ. ಇದನ್ನೇ ತಗೊಳ್ಳುವುದಾದರೆ 20 ಗೇಜ್ ತಗೊಳ್ಳಿ. ಅಭ್ಯಾಸ ಇರುವವರಿಗೆ ಮಾತ್ರ ಇದು ಅಂತ ನನ್ನ ಅಭಿಪ್ರಾಯ.

ಏಳನೆಯದು: ಮನೆಯವರೆಲ್ಲರ ಮೈಗೆ ಅಳತೆ ನೋಡಿ

ಗಂಡಸರು ತಮ್ಮ ಭುಜಕ್ಕೆ ಅಳತೆ ನೋಡಿ ಕೊಂಡು ತರುತ್ತಾರೆ. ಮನೆಯಲ್ಲಿ ಒಬ್ಬಳೇ ಇರುವ ಹೆಂಡತಿಗೆ ಅದು ಎತ್ತಲೂ ಬರುವುದಿಲ್ಲ. ಅಂಗಡಿಗೆ ಇಬ್ಬರೂ ಹೋಗಿ. ಕೋವಿ ಖಾಲಿ ಇದೆ ಅಂತ ನೋಡಿಕೊಂಡು, ಅಂಗಡಿಯವರನ್ನು ಕೇಳಿ, ಬುಡವನ್ನು ಮೊಣಕೈಯ ಒಳಮಡಿಕೆಗೆ ಆನಿಸಿ ಬೆರಳು ಟ್ರಿಗರ್‌ವರೆಗೆ ಬರುತ್ತದಾ ನೋಡಿ. ಮಾಮೂಲಿ ಶಾಟ್‌ಗನ್ನಿನಲ್ಲಿ ಈ ಉದ್ದ 14 ಇಂಚಿನ ಆಸುಪಾಸು. ನಮ್ಮ ಮೈಕಟ್ಟಿನ ಎಷ್ಟೋ ಜನಕ್ಕೆ ಅದು ಜಾಸ್ತಿ. 13 ಇಂಚು ಅಥವಾ ಅದಕ್ಕಿಂತ ಕಮ್ಮಿಯ ಬುಡ ಬರುವ ಮಾಡೆಲ್‌ಗಳಿವೆ, ಯೂತ್ ಅಥವಾ ಕಾಂಪ್ಯಾಕ್ಟ್ ಅಂತ ಹೆಸರಿರುತ್ತದೆ. ಕಾನೂನಿನೊಳಗೇ ಗಿಡ್ಡ ಆಗುವ ಸುಲಭ ದಾರಿ ಇದು.

ಜಡ್ಜ್‌ನ ಟ್ರಿಗರ್ ಭಾರ. ಒಂದು ಸಲ ಎಳೆದು ನೋಡಲು ಬಿಡುತ್ತಾರಾ ಕೇಳಿ. ರಿವಾಲ್ವರ್‌ನ ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಗಾಳಿ ಚಿಮ್ಮುತ್ತದೆ, ಅಲ್ಲಿ ಬೆರಳು ಬರಲೇಬಾರದು. .410 ಪ್ಲಾಸ್ಟಿಕ್ ತೋಟಾ ಹಾರಿದ ಮೇಲೆ ಉಬ್ಬಿ ಸಿಲಿಂಡರಿನಲ್ಲಿ ಅಂಟಿಕೊಳ್ಳುವುದೂ ಉಂಟು.

ಎರಡರಲ್ಲೂ ಕಿವಿ ಮುಚ್ಚಿಕೊಳ್ಳದೆ ಹೊಡೆಯಬೇಡಿ. ಗಿಡ್ಡ ನಳಿಗೆಯ ಸದ್ದು ಒಂದೇ ಈಡಿಗೆ ಕಿವಿ ಕೆಡಿಸುವಷ್ಟಿದೆ.

ತೋಟಾ ಬೆರೆಸಬೇಡಿ

ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ. 20 ಗೇಜ್ ತೋಟಾ ಹಳದಿ ಇರುತ್ತದೆ. ಕಾರಣ ಇದೆ. ಅದನ್ನು ತಪ್ಪಿ 12 ಗೇಜ್ ಕೋವಿಗೆ ಹಾಕಿದರೆ ಅದು ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿ ಅಂದುಕೊಂಡು ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸೀಳಿ ಕೈ ಹೋಗುತ್ತದೆ. ಹಾಗೆಯೇ .45 ಕೋಲ್ಟ್ ಗುಂಡು ಹಾಕುವುದು ಜಡ್ಜ್, ಗವರ್ನರ್‌ನಂಥ ಅದಕ್ಕೆಂದೇ ಮಾಡಿದ ರಿವಾಲ್ವರ್‌ಗೆ ಮಾತ್ರ, .410 ಶಾಟ್‌ಗನ್‌ಗೆ ಯಾವತ್ತೂ ಹಾಕಬಾರದು. ಒಂದು ಮನೆಗೆ ಒಂದೇ ಗೇಜ್ ಇದ್ದರೆ ಈ ತಲೆನೋವೇ ಇಲ್ಲ.

ಕೊನೆಗೆ ಯಾವುದು?

ಮನೆಗೆ ಅಂತಾದರೆ 20 ಗೇಜ್ ಪಂಪ್ ಶಾಟ್‌ಗನ್ (ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವಂಥದ್ದು), ಹದಿನೆಂಟೂವರೆ ಇಂಚು ನಳಿಗೆ, ಗಿಡ್ಡ ಬುಡ. ಮಾಸ್‌ಬರ್ಗ್ 500, ರೆಮಿಂಗ್ಟನ್ 870 ಎರಡೂ ದಶಕಗಳಿಂದ ನಡೆದು ಬಂದವು. ಒದೆತ ತಡೆಯದವರಿಗೆ .410 ಶಾಟ್‌ಗನ್ನೇ ತಗೊಳ್ಳಿ. ಅದೇ .410 ತೋಟಾ ಉದ್ದ ನುಣುಪು ನಳಿಗೆಯಲ್ಲಿ ಎಷ್ಟೋ ಚೆನ್ನಾಗಿ ಬೀಳುತ್ತದೆ. ಬೇಲಿ ಸುತ್ತಲು, ಕೈ ಖಾಲಿ ಬೇಕಾದ ಕೆಲಸಕ್ಕೆ, ಎರಡು ಮೂರು ಗಜದ ಹಾವಿಗೆ ಜಡ್ಜ್ ಅಥವಾ ಗವರ್ನರ್. ಹಂದಿಗೆ ಎರಡೂ ಬೇಡ, ರೈಫಲ್ ಬೇಕು.

ಕೋವಿಯ ಜೊತೆಗೇ, ಅದೇ ಬಿಲ್ಲಿನಲ್ಲಿ, ಬೀಗದ ಪೆಟ್ಟಿಗೆ ತಗೊಳ್ಳಿ. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಕೋವಿ ಸಿಗುವಂತೆ ಬಿಟ್ಟರೆ ಅದು ಅಪರಾಧ. ತಾತನ ಮನೆಯಲ್ಲಿ ಕೋವಿ ಅಟ್ಟದ ಕೆಳಗೆ ನೇತಾಡುತ್ತಿತ್ತು, ತೋಟಾ ಮಾತ್ರ ಅಜ್ಜಿಯ ಬೀರುವಿನಲ್ಲಿ. ಅಷ್ಟೂ ಈಗ ಸಾಲದು.

ಬಾಮೈದ ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಹೋದ. 20 ಗೇಜ್ ತಂದ, ಹಳದಿ ತೋಟಾದ ನಾಲ್ಕು ಡಬ್ಬಿ ತಂದ. ತಿಂಗಳಿಗೊಂದು ಡಬ್ಬಿ, 25 ತೋಟಾ, ಇಬ್ಬರೂ ಹಂಚಿಕೊಂಡು ಹೊಡೆಯಬೇಕು ಅಂತ ಮಾತಾಗಿದೆ. ಮೊದಲ ಡಬ್ಬಿ ಈ ಭಾನುವಾರ.